ದೀನಾರಿನ ಧಾರಣೆ

ನಮ್ಮ ಕಾಕಾನಿಗೆ ಯಾರಾದರೂ 'ಪುಕ್ಕಟೆ' ಅಂದರೆ ಸಾಕು, ಜೇಬು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲಿಂದ ಕಾಲು ಕೀಳುತ್ತಿದ್ದ! ಕಳ್ಳರಿಗೆ ಹೆದರದವನು, ಪೊಲೀಸರಿಗೆ ಹೆದರದವನು, ನಮ್ಮ ಕಾಕಿಗೂ ಅಷ್ಟಾಗಿ ಹೆದರದವನು ಪುಕ್ಕಟೆಗೆ ಮಾತ್ರ ಥರಥರ ನಡುಗುತ್ತಿದ್ದ. ರಾಯಚೂರಿನ ಹತ್ತಿ ಬಜಾರಿನಲ್ಲಿ ಅವನದು ದಲಾಲಿ. ಮಾರುವವನಿಗೊಂದು ಧಾರಣೆ, ಕೊಳ್ಳುವವನಿಗೊಂದು ಧಾರಣೆ ಹೇಳುವವರ ನಡುವೆಯೇ ತಲೆ ಹಣ್ಣಾಗಿತ್ತು. ಕೇಳಿ ಕಮಿಷನ್ ತೆಗೆದುಕೊಳ್ಳುವವನು ಒಂದು ಜೇಬಿಗೆ ಕೈ ಹಾಕುತ್ತಾನೆ, ಬೇಡ ಅನ್ನುವವನು ಎರಡಕ್ಕೂ ಹಾಕುತ್ತಾನೆ ಎಂಬುದು ಅವನ ಸಿದ್ಧಾಂತ.

ಮದುವೆ ಊಟವನ್ನೂ ಪುಕ್ಕಟೆ ಅಂತ ಅವನು ಒಪ್ಪುತ್ತಿರಲಿಲ್ಲ. ಮುಯ್ಯಿ ಕೊಡುವುದಿಲ್ಲವೇ? ಸಿರವಾರದ ಬೀಗರ ಮದುವೆಯಲ್ಲಿ ಲಾಡಿಗೆ ಇಷ್ಟು, ಭಜಿಗೆ ಇಷ್ಟು ಅಂತ ಮನಸ್ಸಿನಲ್ಲೇ ಧಾರಣೆ ಕಟ್ಟಿ, ಮುಯ್ಯಿ ಸರಿಹೋಗುವ ತನಕ ಪಂಕ್ತಿಯಿಂದ ಏಳಲಿಲ್ಲ. ಆಮೇಲೆ ಹೊಟ್ಟೆ ಕೆಟ್ಟು ಮಲಗಿದ. ಮುಯ್ಯಿ ವಸೂಲಾಯಿತು, ಡಾಕ್ಟರ ಫೀ ಯಾರ ಕಡೆಯಿಂದ ವಸೂಲು ಮಾಡುತ್ತೀರಿ ಅಂತ ಕಾಕಿ ಕೇಳಿದ್ದಕ್ಕೆ ಗೋಡೆಯ ಕಡೆ ಹೊರಳಿದ.

ಇಂಥವನ ಕೈಗೆ ವಿದೇಶಕ್ಕೆ ದುಡ್ಡು ಕಳಿಸುವ ಕೆಲಸ ಬಂದರೆ ಏನಾಗಬೇಡ!

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಕಾನ ತಂಗಿ, ನನಗೆ ಸೋದರತ್ತೆ, ಗಂಡ ತೀರಿಕೊಂಡ ಮೇಲೆ ಕುವೈತಿನಲ್ಲಿ ಒಬ್ಬರ ಮನೆಗೆ ಅಡಿಗೆಗೆ ಹೋಗಿದ್ದಳು. ಗಳಿಸಿದ್ದನ್ನೆಲ್ಲ ಊರಿಗೆ ಕಳಿಸಿಬಿಟ್ಟಿದ್ದಳು. ಅಷ್ಟರಲ್ಲಿ ಆ ಮನೆಯವರು ಮನೆಯನ್ನೇ ಮಾರಿ ಬೇರೆ ದೇಶಕ್ಕೆ ಹೊರಟರು. ಅತ್ತೆ ಆ ತಿಂಗಳ ಒಳಗೆ ಅಲ್ಲಿಂದ ಹೊರಡಬೇಕು, ಕೈಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. 'ಅಣ್ಣಾ, ಹೆಂಗರ ಮಾಡಿ ಕರಸಿಕೋ' ಅಂತ ಕಾಗದ ಬಂತು. ಕಾಕಾ ಅದನ್ನೋದಿ ಕಣ್ಣೊರೆಸಿಕೊಂಡ. ಒರೆಸಿಕೊಂಡವನೇ ಕುವೈತಿನ ನಾಣ್ಯವಾದ ದೀನಾರಿನ ಧಾರಣೆ ಕೇಳಲು ಹೊರಟ!

ಸ್ಟೇಷನ್ ರಸ್ತೆಯಲ್ಲಿ ಹೊರದೇಶಕ್ಕೆ ದುಡ್ಡು ಕಳಿಸಿಕೊಡುವ ಒಬ್ಬ ಏಜೆಂಟನಿದ್ದ. ಕಮಿಷನ್ ಒಂದು ಪೈಸೆಯೂ ಇಲ್ಲ ಅಂದ. ಕಾಕಾನ ಕಿವಿ ನೆಟ್ಟಗಾಯಿತು. ಮೊದಲ ದಿನ ಟೊಪ್ಪಿಗೆ ಹಾಕಿಕೊಂಡು ಹೋಗಿ, ದೀನಾರ್ ಕೊಳ್ಳಬೇಕು, ಏನು ಧಾರಣೆ ಅಂತ ಕೇಳಿದ. ಮರುದಿನ ರುಮಾಲು ಸುತ್ತಿಕೊಂಡು ಹೋಗಿ, ದೀನಾರ್ ಮಾರಬೇಕು, ಏನು ಧಾರಣೆ ಅಂತ ಕೇಳಿದ. ಎರಡಕ್ಕೂ ಭೂಮಿ ಆಕಾಶದ ಅಂತರ!

"ಈ ನಡುವ ಉಳೀತಲ್ಲ, ಇದಕ್ಕ ನಿಮ್ಮ ಅಂಗಡ್ಯಾಗ ಏನಂತಾರ?" ಅಂದ ಕಾಕಾ.

ಏಜೆಂಟ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನೆ ಟೊಪ್ಪಿಗಿ ಹಾಕ್ಕೊಂಡು ಬಂದಾವ್ರು ನಿಮ್ಮ ತಮ್ಮೇನ್ರಿ?" ಅಂದ.

ಅಲ್ಲಿಂದ ಕಾಕಾನ ತಿರುಗಾಟ ಶುರು. ದೇವದುರ್ಗದಲ್ಲಿ ಒಬ್ಬರು ಅಗ್ಗಕ್ಕೆ ಕಳಿಸುತ್ತಾರಂತೆ, ಹೋದ. ಅವರೂ 'ಪುಕ್ಕಟೆ' ಅಂದರು, ಓಡಿ ಬಂದ. ಇತ್ತ ತಿಂಗಳು ಸವೆಯುತ್ತಿತ್ತು. ಸಮುದ್ರದಾಚೆಗಿನ ದುಡ್ಡಿಗೆ ಇಲ್ಲಿ ಕುಳಿತು ಧಾರಣೆ ಕಟ್ಟುವುದೆಂದರೆ ನೀರೊಳಗಿನ ಎಮ್ಮೆ ವ್ಯಾಪಾರವಲ್ಲದೆ ಮತ್ತೇನು? ಕಾಕಿಗೆ ತಡೆಯಲಾಗಲಿಲ್ಲ. "ನೀವು ಕೊಟ್ಟ ಬಸ್ ಚಾರ್ಜಿನಾಗ ಅಕಿ ಅರ್ಧ ದಾರಿ ಬಂದಿರ್ತಿದ್ಳು," ಅಂದಳು.

ಆ ಮಾತು ನಾಟಿತು. ಕಾಕಾ ಕಾಗದವನ್ನು ಮತ್ತೆ ಓದಿದ. ಆ ಮನೆಯ ಕಾರು ನಡೆಸುತ್ತಿದ್ದ ಹುಡುಗ ನಮ್ಮ ಮಾನ್ವಿಯವನು, ಅವನಿಗೆ ಅಲ್ಲೇ ಬೇರೆ ಕಡೆ ಕೆಲಸ ಸಿಕ್ಕಿದೆ ಅಂತ ಅತ್ತೆ ಬರೆದಿದ್ದಳು. ಕಾಕಾ ಎದ್ದು ಕೂತ. ಆ ಹುಡುಗ ತಿಂಗಳು ತಿಂಗಳು ಮಾನ್ವಿಗೆ ದುಡ್ಡು ಕಳಿಸಲೇಬೇಕು. ಅದನ್ನು ಅಲ್ಲೇ ಅತ್ತೆಗೆ ಕೊಟ್ಟರೆ, ಇಲ್ಲಿ ಅವನ ಮನೆಗೆ ಕಾಕಾ ರೂಪಾಯಿ ಕೊಟ್ಟರೆ ಆಯಿತಲ್ಲ! ದುಡ್ಡು ಸಮುದ್ರ ದಾಟುವುದೇ ಬೇಡ! ಇದು ಸರಕಾರಕ್ಕೆ ಒಪ್ಪದ ವ್ಯವಹಾರ ಅಂತ ಬಹಳ ದಿನಗಳ ಮೇಲೆ ಯಾರೋ ಹೇಳಿ ನಮ್ಮನ್ನು ಹೆದರಿಸಿದರು. ಆಗ ಯಾರಿಗೆ ಗೊತ್ತಿತ್ತು?

ಹುಡುಗನ ತಂದೆ, ಎಲ್ಲರೂ ಸಾಹೇಬರು ಅನ್ನುತ್ತಿದ್ದರು, ಮಾನ್ವಿಯ ದನದ ಸಂತೆಯಲ್ಲಿ ದಲಾಲರು. ಕಾಕಾ ನನ್ನನ್ನೂ ಕರೆದುಕೊಂಡು ಅಲ್ಲಿಗೇ ಹೋದ. ವಿಷಯ ಕೇಳಿದ ಸಾಹೇಬರು ಹೂಂ ಅಂದರು. ಇಬ್ಬರೂ ದಲಾಲರು, ಬಾಯಿಂದ ಧಾರಣೆ ಆಡುತ್ತಾರೆಯೇ? ಸಾಹೇಬರು ಕೈ ಚಾಚಿದರು, ಮೇಲೆ ಟವೆಲ್ ಮುಚ್ಚಿದರು, ಒಳಗೆ ಬೆರಳಾಟ ಶುರುವಾಯಿತು. ಬೆರಳು ಹಿಡಿದೇ ಎತ್ತಿನ ಬೆಲೆ ಕುದುರಿಸುವ ಸಂತೆಯದು, ಕ್ಷಣದಲ್ಲಿ ಜನ ಸೇರಿದರು. ಎತ್ತೆಲ್ಲಿ ಅಂತ ಒಬ್ಬ ಕೇಳಿದ.

"ಕುವೈತದಾಗ ಅದ," ಅಂದ ಕಾಕಾ, ತಲೆ ಎತ್ತದೆ.

ಆದರೆ ಕಾಕಾನ ಮುಖ ಸಪ್ಪಗಾಯಿತು. ಏಜೆಂಟ ಹೇಳಿದ್ದ ಮಾರುವ ಧಾರಣೆ, ಕೊಳ್ಳುವ ಧಾರಣೆ ಎರಡರ ನಟ್ಟನಡುವಿನದನ್ನು ಅವನು ಹಿಡಿದಿದ್ದ, ಇಬ್ಬರಿಗೂ ಮೋಸವಿಲ್ಲದ್ದು. ಸಾಹೇಬರು ಅದಕ್ಕಿಂತ ಕಡಿಮೆ ಹಿಡಿದರು! ಕಾಕಾ ಏರಿಸಿದ. ಅವರು ಮತ್ತೂ ಇಳಿಸಿದರು. ಕೊಳ್ಳುವವನು ಏರಿಸುವುದು, ಮಾರುವವನು ಇಳಿಸುವುದು! ಇಂಥ ವ್ಯಾಪಾರವನ್ನು ಮಾನ್ವಿಯ ಸಂತೆ ಹಿಂದೆಂದೂ ಕಂಡಿರಲಿಕ್ಕಿಲ್ಲ. ಕಡೆಗೆ ಕಾಕಾ ಟವೆಲನ್ನೇ ಕಿತ್ತೆಸೆದ.

"ಸಾಹೇಬ್ರ, ಇದರಾಗ ನಿಮ್ಮ ಕಮಿಷನ್ ಎಲ್ಲಿ ಮುಚ್ಚಿಟ್ಟೀರಿ? ಹೇಳಿಬಿಡ್ರಿ."

"ಹೋಗ್ಲಿ, ಧಾರಣಿ ನೀವು ಹೇಳಿದ್ದ ಇರ್ಲಿ," ಅಂದರು ಸಾಹೇಬರು. "ಕಮಿಷನ್ ಮಾತ್ರ ನಾ ಬಿಡಂಗಿಲ್ಲ."

ಕಾಕಾ ಗೆದ್ದವನ ಹಾಗೆ ನನ್ನ ಕಡೆ ನೋಡಿದ. ನೋಡಿದಿಯಾ, ಸಿಕ್ಕಿತಲ್ಲ ಎಂಬ ನೋಟ! ಸಾಹೇಬರು ಜನರನ್ನೆಲ್ಲ ಅತ್ತ ಕಳಿಸಿ ದನಿ ತಗ್ಗಿಸಿದರು.

"ಹೋದ ವರ್ಷ ನಮ್ಮ ಹುಡುಗಗ ಭಾಳ ಜ್ವರ ಬಂದಿತ್ರಿ. ನಿಮ್ಮ ತಂಗಿನ ಗಂಜಿ ಕಾಸಿ ಕುಡಿಸಿ ಉಳಿಸ್ಯಾಳ. ಅವನ ಅವ್ವ ಅವನ ಮಾರಿ ನೋಡಿ ನಾಕು ವರ್ಷಾತು. ಕಾಗದದಾಗ ಎಲ್ಲಾ ಛಲೋ ಅಂತನ ಬರೀತಾನ, ಅಕಿ ನಂಬಂಗಿಲ್ಲ. ತಂಗಿ ಬಂದಮ್ಯಾಲ ಒಂದ್ಸಲ ನಮ್ಮ ಮನಿಗೆ ಕಳಸ್ರಿ. ನಿಮ್ಮ ತಂಗಿ ಬಾಯಿಲೆ ಅವನ ಅವ್ವ ಕೇಳ್ಲಿ. ಇಷ್ಟ ನನ್ನ ಕಮಿಷನ್."

ಕಾಕಾ ಚೌಕಾಸಿ ಮಾಡಲಿಲ್ಲ. ಕಿತ್ತೆಸೆದ ಟವೆಲನ್ನು ಎತ್ತಿ, ಧೂಳು ಕೊಡವಿ ಸಾಹೇಬರ ಹೆಗಲಿಗೆ ಹಾಕಿದ.

ಕುವೈತಿಗೆ ತಂತಿ ಹೋಯಿತು. ತಿಂಗಳು ಮುಗಿಯುವುದರೊಳಗೆ ಅತ್ತೆ ಮುಂಬಯಿಗೆ ಬಂದಿಳಿದು, ಅಲ್ಲಿಂದ ರೈಲಿನಲ್ಲಿ ರಾಯಚೂರಿಗೆ ಬಂದಳು. ಮನೆಯಲ್ಲಿ ಕಾಕಿ ಹೋಳಿಗೆ ಮಾಡಿ ಕಾಯುತ್ತಿದ್ದಳು. ಕಾಕಾ ಮಾತ್ರ ತಂಗಿಯನ್ನು ಸ್ಟೇಷನ್ನಿನಿಂದ ಸೀದಾ ಮಾನ್ವಿ ಬಸ್ಸಿಗೆ ಹತ್ತಿಸಿದ. ನಾನು ಅತ್ತೆಯ ಟ್ರಂಕು ಹೊತ್ತುಕೊಂಡು ಹಿಂದೆ ಹತ್ತಿದೆ.

ಸಾಹೇಬರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಮಗ ಹೇಗಿದ್ದಾನೆ, ಉಣ್ಣುತ್ತಾನೋ ಇಲ್ಲವೋ, ಏನನ್ನೂ ಅವರು ಕೇಳಲಿಲ್ಲ. ಅತ್ತೆಯ ಬಲಗೈ ಹಿಡಿದುಕೊಂಡು, "ಇದ ಕೈಲೇನವ್ವ ಅವನ ಹಣಿ ಮುಟ್ಟಿ ನೋಡಿದ್ದು?" ಅಂದರು. ಅತ್ತೆ ಹೂಂ ಅಂದಳು. ಆ ತಾಯಿ ಆ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟರು. ಸಾಹೇಬರು ಒಳಗೆ ಬರ್ರಿ ಅಂತ ಎರಡು ಸಲ ಕರೆದರು. ನಾವ್ಯಾರೂ ಅಲ್ಲಿಂದ ಕದಲಲಿಲ್ಲ.