ಮಳೆನೀರಿನಂಥ ರಕ್ತ

ಫೋನ್ ಚಾರ್ಜ್ ಮಾಡಲು ಯಾರೋ ಫ್ರಿಜ್ಜಿನ ಪ್ಲಗ್ ಕಿತ್ತಿದ್ದರು. ಬೆಳಗಾಗುವಷ್ಟರಲ್ಲಿ ಪ್ರಯೋಗಾಲಯದ ಶುದ್ಧ ರಕ್ತವೆಲ್ಲ ಕೆಟ್ಟು ಕೂತಿತ್ತು.

ಅಲ್ಲಿನ ಕೆಲಸ, ರೋಗಿಗಳ ರಕ್ತದಲ್ಲಿ ಆತಂಕದ ಗುಳಿಗೆ ಎಷ್ಟಿದೆಯೆಂದು ಅಳೆಯುವುದು. ಅದಕ್ಕೆ ಮೊದಲು ಗುಳಿಗೆಯ ಸುಳಿವೇ ಇಲ್ಲದ ರಕ್ತವನ್ನು ಯಂತ್ರಕ್ಕೆ ಉಣಿಸಬೇಕು. ತೆರೆಯ ಮೇಲೆ ಗೆರೆ ನೆಟ್ಟಗೆ ಮಲಗಬೇಕು. ಗುಳಿಗೆಯಿದ್ದರೆ ಗುಡ್ಡ ಏಳುತ್ತದೆ.

ಹೊರಗಿನಿಂದ ತರಿಸಲು ಹೊತ್ತು ಹಿಡಿಯುತ್ತದೆ, ನಮ್ಮವರೇ ಯಾರಾದರೂ ಕೊಡಿ ಎಂದರು ಸಾಹೇಬರು.

ಯಂತ್ರ ನಡೆಸುವ ವಿಶ್ಲೇಷಕ ಮೆಲ್ಲಗೆ ಯಂತ್ರದ ಹಿಂದೆ ಸರಿದ. ಸಾಹೇಬರ ಬೂಟಿನ ಸದ್ದಿಗೇ ಬೆವರುತ್ತಿದ್ದ ಅವನು ಬಹಳ ದಿನಗಳಿಂದ ಅದೇ ಗುಳಿಗೆಯನ್ನು ಕದ್ದುಮುಚ್ಚಿ ನುಂಗುತ್ತಿದ್ದ. ಆ ಗುಳಿಗೆ ನುಂಗುವವರು ಅದನ್ನು ಅಳೆಯುವ ಕೋಣೆಗೆ ಕಾಲಿಡಕೂಡದೆಂಬುದು ಅಲ್ಲಿನ ನಿಯಮ. ಗೊತ್ತಾದರೆ ಕೆಲಸಕ್ಕೆ ಎಳ್ಳುನೀರು.

ಅವನು ಉಳಿದವರ ಕೈಕಾಲು ಹಿಡಿದ. ತೂಕ ಮಾಡುವ ಅಕ್ಕನಿಗೆ ಸೂಜಿ ಕಂಡರೆ ತಲೆ ಸುತ್ತುತ್ತದಂತೆ. ದ್ರಾವಕ ಬೆರೆಸುವ ದಢೂತಿಗೆ ಮೈಯಲ್ಲಿ ರಕ್ತವೇ ಕಡಿಮೆಯಂತೆ. ಇಬ್ಬರೂ ಸೇರಿ ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು.

"ಟೀ ಕೂಡ ಕುಡಿಯೋನಲ್ಲ ನೀನು. ನಿನ್ನ ರಕ್ತ ಅಂದ್ರೆ ಮಳೆನೀರು ಕಣೋ," ಎಂದು ಅಕ್ಕ ಅವನ ಅಂಗಿಯ ತೋಳು ಮಡಚಿದಳು. ತಲೆ ಸುತ್ತುವ ಅವಳೇ ಸೂಜಿಯನ್ನೂ ಚುಚ್ಚಿದಳು.

ಗೆರೆ ಸ್ವಲ್ಪ ದೂರ ಸಾಧುವಿನಂತೆ ನಡೆದು, ಇದ್ದಕ್ಕಿದ್ದಂತೆ ಒಂಟೆಯ ಡುಬ್ಬದಂತೆ ಎದ್ದಿತು.

ಯಂತ್ರ ಕೊಳೆಯಾಗಿದೆ ಎಂದ ದಢೂತಿ. ತೊಳೆದರು, ಡುಬ್ಬ ಅಲ್ಲೇ ಇತ್ತು. ದ್ರಾವಕ ಬದಲಿಸಿದರು, ಡುಬ್ಬ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಇಬ್ಬರೂ ಯಂತ್ರವನ್ನು ಬಿಟ್ಟು ಅವನನ್ನೇ ನೋಡತೊಡಗಿದರು. ಅಷ್ಟರಲ್ಲಿ ಸಾಹೇಬರು ಬಂದು ತೆರೆ ನೋಡಿದರು, ಅವರಿಬ್ಬರನ್ನೂ ಊಟಕ್ಕೆ ಅಟ್ಟಿ ಬಾಗಿಲು ಹಾಕಿದರು.

"ಯಾರ ಭಯಕ್ಕೆ ತಗೋತಿದೀಯ?"

ಸುಳ್ಳು ಹೊಳೆಯಲಿಲ್ಲ. "ನಿಮ್ಮದೇ ಸಾರ್."

ಸಾಹೇಬರು ಕುರ್ಚಿಯಲ್ಲಿ ಕುಸಿದು, ಕಿಸೆಯಿಂದ ಅದೇ ಗುಳಿಗೆಯ ಪಟ್ಟಿ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡರು.

"ನಾನು ನಿನ್ನ ಭಯಕ್ಕೆ ಕಣಯ್ಯಾ. ಯಾವತ್ತು ಯಾವ ರೋಗಿಯ ಲೆಕ್ಕ ತಪ್ಪಿಸಿ ನನ್ನ ತಲೆಗೆ ತರ್ತೀಯೋ ಅಂತ. ನೀನು ಕೆಲಸಕ್ಕೆ ಸೇರಿದ ಮರುದಿನವೇ ಶುರುಮಾಡ್ದೆ."

ರಕ್ತನಿಧಿಯಿಂದ ಶುದ್ಧ ರಕ್ತ ಬಂತು, ಸಂಜೆಗೆ ವರದಿಯೂ ಹೋಯಿತು. ಅವನ ಕೆಲಸ ಉಳಿಯಿತು. ಇನ್ನು ಕಣ್ಣೆದುರಿಗೇ ಇರಲಿ ಎಂದು ಸಾಹೇಬರು ಅವನ ಮೇಜನ್ನು ತಮ್ಮ ಕೋಣೆಗೆ, ತಮ್ಮ ಮೇಜಿಗೆ ಎದುರಾಗಿ ಹಾಕಿಸಿಕೊಂಡರು.

ಆ ವಾರವೇ ಇಬ್ಬರ ಗುಳಿಗೆಯೂ ದುಪ್ಪಟ್ಟಾಯಿತು.