ದೇವಡಿಗಿಂತ ಎತ್ತರದ ಕೋಣೆ

ಕಚೇರಿಯಲ್ಲಿ ಕೆಲಸ ಮಾಡಿದವನು ನಗಬೇಕೆಂದರೆ ನಾಟಕಕ್ಕೆ ಹೋಗಬೇಕಾಗಿಲ್ಲ. ಮುಂಜಾನೆ ಬಾಗಿಲು ತೆಗೆದರೆ ಸಾಕು, ನಗುವೇ ಅರ್ಜಿ ಹಿಡಿದುಕೊಂಡು ಒಳಗೆ ಬರುತ್ತದೆ.

ನಿಜಾಮರ ಕಾಲದಲ್ಲಿ ನಾನು ತಾಂಡೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹುಟ್ಟಿದ್ದು ಮನೂರಿನ ಕಡೆ. ಜನರ ಕನ್ನಡವನ್ನು ಉರ್ದುವಿಗೆ, ಸರಕಾರದ ಉರ್ದುವನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಕೆಲಸ. ಎರಡೂ ಕಡೆಯವರ ಬೈಗುಳ ಮಾತ್ರ ಯಾವ ತರ್ಜುಮೆಯೂ ಇಲ್ಲದೆ ನೇರವಾಗಿ ನನಗೇ ತಲುಪುತ್ತಿತ್ತು. ನಮ್ಮ ತಹಶೀಲ್ದಾರ ಸಾಹೇಬರು ಬೀದರಿನಲ್ಲಿ ಬೆಳೆದವರು, ನಮ್ಮ ಕನ್ನಡವನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು. ಆದರೆ ಕಾಗದದ ಮೇಲೆ ಎಲ್ಲವೂ ಉರ್ದುವಿನಲ್ಲೇ ಇರಬೇಕು.

ಆಗ ನಮ್ಮ ಊರಿನಲ್ಲೊಂದು ಕಾಯಿದೆ ಇತ್ತು. ಯಾರ ಮನೆಯೂ ಜಾಗೀರದಾರರ ವಾಡೆಗಿಂತ ಎತ್ತರ ಏಳಬಾರದು. ಆ ವಾಡೆಗೆ ನಾವು ದೇವಡಿ ಎನ್ನುತ್ತಿದ್ದೆವು. ಜಾಗೀರದಾರರು ಹೈದರಾಬಾದಿನಲ್ಲಿರುತ್ತಿದ್ದರು, ದೇವಡಿಯಲ್ಲಿ ವಾಸವಿದ್ದದ್ದು ಪಾರಿವಾಳಗಳು. ಆದರೂ ಆ ಪಾರಿವಾಳಗಳಿಗಿಂತ ಮೇಲೆ ಊರಿನವರು ಯಾರೂ ಮಲಗುವ ಹಾಗಿರಲಿಲ್ಲ. ತೀರ ಅಗತ್ಯವಿದ್ದವರು ಅರ್ಜಿ ಹಾಕಿಕೊಂಡು ಎತ್ತರದ ರಿಯಾಯಿತಿ ಪಡೆಯಬೇಕು. ಹಾಗೆ ಬಂದ ಒಂದು ಅರ್ಜಿ ನಮ್ಮ ಕಚೇರಿಯನ್ನು ಒಂದು ಇಡೀ ಬೇಸಿಗೆ ನಗಿಸಿತು. ನೆನೆದರೆ ಈಗಲೂ ಆ ಮನೆಯವರ ಮೇಲೆ ಪ್ರೀತಿ ಉಕ್ಕುತ್ತದೆ.

ಅಜ್ಜಿಯ ಕಾವಲು

ಅರ್ಜಿ ಹಾಕಿದವರು ನಮ್ಮ ಬಜಾರಿನ ಜವಳಿ ಸಾವಕಾರರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಅವರ ಮನೆ ಇದ್ದದ್ದು ದಿಬ್ಬದ ಮೇಲೆ. ಹೀಗಾಗಿ ಒಂದೇ ಅಂತಸ್ತಿನ ಮನೆಯಾದರೂ ಅದರ ಮಾಳಿಗೆ ದೇವಡಿಯ ಗೋಡೆಗೆ ಸಮನಾಗಿಯೇ ನಿಂತಿತ್ತು. ಎಡಕ್ಕೆ ಬಲಕ್ಕೆ ಬೇರೆಯವರ ಗೋಡೆ. ಬೆಳೆಯಬೇಕೆಂದರೆ ಆಕಾಶದ ಕಡೆಗೇ ಬೆಳೆಯಬೇಕು.

ಅವರ ಮಗ ಧಾರವಾಡದಲ್ಲಿ ಮೆಟ್ರಿಕ್ ಓದಿ ಬಂದು ರೈಲ್ವೆ ಸ್ಟೇಷನ್ನಿನ ಮಾಲು ಆಫೀಸಿನಲ್ಲಿ ನೌಕರಿ ಹಿಡಿದಿದ್ದ. ಅವನಿಗೆ ನಾರಾಯಣಖೇಡದ ಕಡೆಯ ಹೆಣ್ಣು ತಂದು ಮದುವೆ ಮಾಡಿದರು. ಊಟ ಆಯಿತು, ಮೆರವಣಿಗೆ ಆಯಿತು, ಬೀಗರು ಹೋದರು. ಆಮೇಲೆ ಗೊತ್ತಾಯಿತು, ಹೊಸ ಗಂಡಹೆಂಡಿರಿಗೆ ಮನೆಯಲ್ಲಿ ಒಂದು ಕೋಣೆಯೇ ಇಲ್ಲ. ಪಡಸಾಲೆಯಲ್ಲಿ ಗಂಡಸರು ಸಾಲಾಗಿ ಮಲಗುತ್ತಿದ್ದರು, ನಡುಮನೆಯಲ್ಲಿ ಹೆಂಗಸರು ಮಕ್ಕಳು. ಸಾವಕಾರರ ತಾಯಿ, ಹಣ್ಣು ಹಣ್ಣು ಮುದುಕಿ, ಮೊಮ್ಮಗನ ಹೆಂಡತಿಗೆ ಹೊಸ ಜಾಗದಲ್ಲಿ ಅಂಜಿಕೆಯಾದೀತೆಂದು ಪಕ್ಕದಲ್ಲೇ ಹಾಸಿಕೊಂಡು ಅವಳ ಕೈ ಹಿಡಿದು ಮಲಗುತ್ತಿದ್ದರು. ನಿದ್ದೆ ಹತ್ತಿದರೂ ಹಿಡಿದ ಕೈ ಬಿಡುತ್ತಿರಲಿಲ್ಲ.

ಹುಡುಗಿಯ ತಂದೆ ಮಗಳನ್ನು ನೋಡಲು ಬಂದವರು ಈ ವ್ಯವಸ್ಥೆಯನ್ನು ಕಂಡರು. ಏನೂ ಜಗಳ ಮಾಡಲಿಲ್ಲ. ಚಹಾ ಕುಡಿದು, ಮಗಳಿಗೆ ಗಂಟು ಕಟ್ಟಲು ಹೇಳಿ, ಸಾವಕಾರರಿಗೆ ಕೈಮುಗಿದರು.

"ಬೀಗರ, ಕೋಣಿ ಆದ ಮ್ಯಾಲ ತಿಳಸ್ರಿ, ಕಳಸ್ತೀವಿ" ಎಂದರು. "ನಾವು ಮಗಳನ್ನ ಕೊಟ್ಟಿದ್ದು ನಿಮ್ಮ ಮಗಗ. ನಿಮ್ಮ ತಾಯವ್ವಗ ಅಲ್ರಿ."

ಜೋಳದ ನೆಪ

ಹೀಗೆ ಸೊಸೆ ತವರಿಗೆ, ಅರ್ಜಿ ಕಚೇರಿಗೆ. ಅರ್ಜಿಯಲ್ಲಿ ಕೋಣೆ ಏಕೆ ಬೇಕು ಎಂಬುದಕ್ಕೆ ಕಾರಣ ಹೇಳಲೇಬೇಕಿತ್ತು. ಮರ್ಯಾದಸ್ಥರು ಇದನ್ನು ಹೇಗೆ ಬರೆಸಿಯಾರು? ಸಾವಕಾರರೂ ಅರ್ಜಿ ಬರೆಯುವವನೂ ಬೇವಿನ ಮರದ ಕೆಳಗೆ ಕುಳಿತು ಅರ್ಧ ದಿನ ತಲೆ ಕೆರೆದುಕೊಂಡು, ಕೊನೆಗೆ 'ಜೋಳ ಇಡಲು ಜಾಗ ಸಾಲದ್ದರಿಂದ' ಎಂದು ಬರೆದರು.

ನಾನು ಓದಿ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಸಾವಕಾರರನ್ನು ನೋಡಿದರು.

"ಸಾವಕಾರ್ರ, ಈ ಸೀಮಿಯೊಳಗ ಜೋಳಾ ಎಲ್ಲಿಡ್ತಾರ?"

ಸಾವಕಾರರು ಅಭ್ಯಾಸಬಲದಿಂದ ನಿಜವನ್ನೇ ಹೇಳಿಬಿಟ್ಟರು. "ಹಗೇವಿನ್ಯಾಗ ರಿ."

ನಮ್ಮ ಕಡೆ ಜೋಳವನ್ನು ಇಡುವುದು ನೆಲದಲ್ಲಿ ಬಾವಿಯಂತೆ ತೋಡಿದ ಹಗೇವಿನಲ್ಲಿ. ಮೇಲೆ ಹುಲ್ಲು, ಮಣ್ಣು ಮುಚ್ಚಿದರೆ ಇಲಿಗೂ ಗೊತ್ತಾಗುವುದಿಲ್ಲ. ಜೋಳದ ಚೀಲವನ್ನು ಹೊತ್ತು ಮಾಳಿಗೆ ಹತ್ತಿದವನನ್ನು ಯಾರೂ ಕಂಡಿಲ್ಲ.

"ಹಂಗಾದ್ರ ನೀವು ಅರ್ಜಿ ಹಾಕೋದೇ ಬ್ಯಾಡ್ರಿ" ಎಂದರು ಸಾಹೇಬರು. "ಕಾಯಿದಾ ಇರೋದು ಮ್ಯಾಲ ಹೋಗಾಕ. ಕೆಳಗ ಎಷ್ಟು ಬೇಕಾದ್ರೂ ಅಗೀರಿ, ನಾ ಕೇಳಂಗಿಲ್ಲ."

ಸಾವಕಾರರ ಕಿವಿ ಕೆಂಪಾದವು. ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿ, ತಗ್ಗಿದ ದನಿಯಲ್ಲಿ ಎಂದರು: "ಸಾಹೇಬ್ರ, ಮಗಾ ಸೊಸಿನ್ನ ಹಗೇವಿನ್ಯಾಗ ಇಡಾಕ ಬರಂಗಿಲ್ರಿ."

ಎರಡು ಗಜ

ಕಾರಣ ಗೊತ್ತಾದ ಮೇಲೆ ಸಾಹೇಬರ ಮನಸ್ಸು ಮೆತ್ತಗಾಯಿತು. ಆದರೆ ಅಳತೆ ಆಗಲೇಬೇಕು. ಕೋಣೆ ಕಟ್ಟಿದರೆ ದೇವಡಿಗಿಂತ ಎಷ್ಟು ಮೇಲೇಳುತ್ತದೆ ಎಂಬುದು ಕಾಗದದಲ್ಲಿ ಬರಬೇಕು. ಕಚೇರಿಯ ಅಳತೆಯ ಸರಪಳಿ ಯಾವುದೋ ಹೊಲದ ತಂಟೆಗೆ ನಮ್ಮ ಪಕ್ಕದ ದೌಲತಾಬಾದಿಗೆ ಹೋಗಿತ್ತು.

"ಅಳತಿಗೇನ್ರಿ, ನಮ್ಮ ಅಂಗಡ್ಯಾಗ ಗಜ ಅವಲ್ರಿ" ಎಂದರು ಸಾವಕಾರರು. ನಾನೂ ಕಚೇರಿಯ ಸಿಪಾಯಿಯೂ ಹೋದೆವು. ದೇವಡಿಯ ಗೋಡೆಯ ಮೇಲಿಂದ ಹಗ್ಗ ಇಳಿಬಿಟ್ಟು, ಆ ಹಗ್ಗವನ್ನು ನೆಲದ ಮೇಲೆ ಚಾಚಿ, ಸಾವಕಾರರು ತಮ್ಮ ಕಬ್ಬಿಣದ ಗಜದಿಂದ ಅಳೆದರು. ಬಟ್ಟೆ ಅಳೆಯುವ ಕೈ, ಸರಸರನೆ ನಡೆಯಿತು. ಆಮೇಲೆ ಅವರ ಮನೆಗೆ ಹೋದೆವು. ದಿಬ್ಬದ ಬುಡದಿಂದ ಮಾಳಿಗೆಯವರೆಗೆ ಹಾಗೆಯೇ ಹಗ್ಗ ಹಿಡಿದು, ಸಾವಕಾರರು ಮನೆಯಲ್ಲಿದ್ದ ಗಜದಿಂದ ಅಳೆದ ಮೇಲೆ, ಬರುವ ಕೋಣೆಯ ಲೆಕ್ಕವನ್ನೂ ಸೇರಿಸಿದೆವು. ಎಲ್ಲ ಕೂಡಿಸಿ ನೋಡಿದರೆ ಕೋಣೆ ಕಟ್ಟಿದ ಮೇಲೂ ಮನೆ ದೇವಡಿಗಿಂತ ಗಿಡ್ಡ.

ನಾನು ತಲೆಯೆತ್ತಿ ನೋಡಿದೆ. ಮಾಳಿಗೆಯ ಮೇಲೆ ಕಾಗೆಯೊಂದು ಕುಳಿತು ದೇವಡಿಯ ಗೋಡೆಯ ತುದಿಯನ್ನು ಸರಿಸಮಕ್ಕೆ ನೋಡುತ್ತಿತ್ತು. ಲೆಕ್ಕ ಒಂದು ಹೇಳಿದರೆ ಕಾಗೆ ಇನ್ನೊಂದು ಹೇಳುತ್ತಿದೆ. ಆಗ ಸಿಪಾಯಿ ಸಾವಕಾರರ ಬಗಲಲ್ಲಿದ್ದ ಗಜವನ್ನೂ ದೇವಡಿಯಿಂದ ತಾನೇ ಹೊತ್ತು ತಂದಿದ್ದ ಗಜವನ್ನೂ ಜೋಡಿಸಿ ಹಿಡಿದ. ನಾಲ್ಕು ಬೆರಳು ಅಂತರವಿತ್ತು.

ಒಂದು ಮಾಲು ಕೊಳ್ಳುವಾಗಿನ ಗಜ, ಉದ್ದದ್ದು. ಇನ್ನೊಂದು ಮಾರುವಾಗಿನ ಗಜ, ಗಿಡ್ಡದ್ದು. ದೇವಡಿಯನ್ನು ಗಿಡ್ಡದರಲ್ಲಿ ಅಳೆದರೆ ಅದು ಎತ್ತರವಾಗುತ್ತದೆ, ಮನೆಯನ್ನು ಉದ್ದದ್ದರಲ್ಲಿ ಅಳೆದರೆ ಕುಗ್ಗುತ್ತದೆ. ಮೋಸ ಮಾಡಬೇಕೆಂದು ಅವರು ಕೂತು ಯೋಚಿಸಿದ್ದರೆಂದು ನನಗೆ ಅನಿಸುವುದಿಲ್ಲ. ತಮ್ಮದನ್ನು ಅಳೆಯುವಾಗ ಒಂದು, ಇನ್ನೊಬ್ಬರದನ್ನು ಅಳೆಯುವಾಗ ಒಂದು, ಕೈ ತಾನಾಗಿಯೇ ಹುಡುಕಿಕೊಳ್ಳುತ್ತಿತ್ತು.

ಸಾಹೇಬರ ಮುಂದೆ ಎರಡೂ ಗಜಗಳನ್ನು ಇಟ್ಟೆವು. ಕೂಗಾಡುತ್ತಾರೆಂದು ನಾನು ಅಂಜಿದ್ದೆ. ಅವರು ಒಂದನ್ನೆತ್ತಿಕೊಂಡು ತಮ್ಮ ಮೊಳಕಾಲಿಗೆ ಹಿಡಿದು ನೋಡಿದರು. ಹಿಂದಿನ ಈದಿಗೆ ಹೊಲಿಸಿದ ಅವರ ಶೇರ್ವಾನಿ ಮೊಳಕಾಲ ಮೇಲೆಯೇ ನಿಂತು, ಆ ಸಿಟ್ಟಿಗೆ ಅವರು ದರ್ಜಿಯನ್ನೇ ಬದಲಾಯಿಸಿದ್ದು ಕಚೇರಿಗೆಲ್ಲ ಗೊತ್ತಿತ್ತು.

"ಸಾವಕಾರ್ರ" ಎಂದರು ಮೆಲ್ಲಗೆ, "ನಮ್ಮ ಶೇರ್ವಾನಿ ಬಟ್ಟಿ ಯಾವ ಗಜದಾಗ ಅಳದಿದ್ರಿ?"

ಸಾವಕಾರರು ಕೈಮುಗಿದರು. "ತಮ್ಮಂಥಾ ದೊಡ್ಡವರಿಗೆ ನಾ ಬ್ಯಾರೆ ಗಜ ಹಿಡೀತೀನೇನ್ರಿ? ದೇವಡಿ ಅಳದ ಗಜಾನೇ ರಿ."

ರಾಜಿನಾಮಾ

ಸರಪಳಿ ಬಂದ ಮೇಲೆ ಮತ್ತೆ ಅಳೆದೆವು. ಕೋಣೆ ಎದ್ದರೆ ದೇವಡಿಗಿಂತ ಒಂದು ಆಳು ಎತ್ತರ. ಸಾಹೇಬರು ಹುಕುಮು ಬರೆಸಿದರು: ಪಕ್ಕದ ಮನೆಯವರ ರಾಜಿನಾಮಾ ತಂದರೆ ರಿಯಾಯಿತಿ ಮಂಜೂರು.

ಈ ಸುದ್ದಿಯನ್ನು ಸಿಪಾಯಿ ನೇರವಾಗಿ ಸ್ಟೇಷನ್ನಿಗೆ ಹೋಗಿ ಸಾವಕಾರರ ಮಗನಿಗೆ ಮುಟ್ಟಿಸಿದ. ಉದ್ದದ ಮಾತು ಅವನಿಗೆ ಆಗದು. "ರಾಜಿನಾಮಾ ತಗೊಂಡು ಬಾ ಅಂದಾರ, ಕೋಣಿ ಮಂಜೂರ ಆಗ್ತದ" ಎಂದಷ್ಟೇ ಹೇಳಿ ಬಂದ.

ನಮ್ಮ ಉರ್ದು ಕಚೇರಿಗಳಲ್ಲಿ ರಾಜಿನಾಮಾ ಎಂದರೆ ಒಪ್ಪಿಗೆಯ ಪತ್ರ. ರಾಜಿ ಇದ್ದೇವೆ, ತಕರಾರಿಲ್ಲ ಎಂದು ಬರೆದುಕೊಡುವುದು. ಆದರೆ ಹುಡುಗ ಓದಿದ್ದು ಧಾರವಾಡದಲ್ಲಿ. ಅಲ್ಲಿ ರಾಜೀನಾಮೆ ಎಂದರೆ ನೌಕರಿ ಬಿಡುತ್ತೇನೆಂದು ಬರೆದುಕೊಡುವುದು.

ಮರುದಿನ ಕಚೇರಿ ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಕಣ್ಣು ಕೆಂಪಗಾಗಿದ್ದವು. ಸಾಹೇಬರು ಬಂದ ಕೂಡಲೆ ದುಂಡಗೆ ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಮುಂದಿಟ್ಟ. ಸಾಹೇಬರು ಓದಿದರು, ತಿರುಗಿಸಿ ನೋಡಿದರು, ಮತ್ತೆ ಓದಿದರು.

"ನೌಕರಿ ಯಾಕ ಬಿಡ್ತೀಯೋ ತಮ್ಮಾ?"

"ಸರಕಾರದ ಕಾಯಿದಾ ಹಂಗದ ಅಂದ್ರ ಏನ್ ಮಾಡೋದ್ರಿ."

"ಅಲ್ಲೋ, ಸರಕಾರಿ ಕಾಯಿದಾ ಇರ್ಲಿ. ನೌಕರಿ ಬಿಟ್ಟು ಹೆಂಡ್ತಿಗೆ ಏನ್ ಉಣ್ಣಾಕ ಹಾಕ್ತಿ?"

"ಮೊದ್ಲ ಆಕಿ ಬರ್ಲಿ ರಿ" ಎಂದ ಹುಡುಗ. "ಉಣ್ಣೋದು ಆಮ್ಯಾಲ ನೋಡೋಣಂತ."

ನನಗೆ ನಗು ಬಂದದ್ದು ನಿಜ. ಆದರೆ ಆ ಕಾಗದವನ್ನು ಮೆಲ್ಲಗೆ ತೆಗೆದು ಅವನ ಕೈಗೇ ಕೊಟ್ಟೆ. ಕೋಣೆಗಾಗಿ ಕೋರ್ಟು ಹತ್ತಿದವರನ್ನು, ಅಣ್ಣತಮ್ಮಂದಿರ ತಲೆ ಒಡೆದವರನ್ನು ನಾನು ಕಂಡಿದ್ದೆ. ಹೆಂಡತಿ ಮನೆಗೆ ಬರಲಿ ಎಂದು ಸಿಕ್ಕ ನೌಕರಿಯನ್ನು ಮಡಿಚಿ ತಂದುಕೊಟ್ಟವನನ್ನು ಕಂಡಿರಲಿಲ್ಲ. ಪಕ್ಕಕ್ಕೆ ಕರೆದು ಸಮಾಧಾನದಿಂದ ತಿಳಿಸಿ ಹೇಳಿದೆ. ಬಿಡಬೇಕಾದದ್ದು ನೌಕರಿಯನ್ನಲ್ಲ, ತರಬೇಕಾದದ್ದು ಪಕ್ಕದ ಮನೆಯ ಅಮೀನ್ ಸಾಹೇಬರ ಒಪ್ಪಿಗೆಯನ್ನು ಎಂದೆ. ಸಂತೋಷಪಟ್ಟಾನು ಎಂದುಕೊಂಡರೆ ಅವನ ಮುಖ ಇನ್ನಷ್ಟು ಇಳಿಯಿತು.

"ಅಮೀನ್ ಸಾಹೇಬರದೇನ್ರಿ? ಅದಕ್ಕಿಂತ ನೌಕರಿ ಬಿಡೋದೇ ಹಗೂರ ಇತ್ತು."

ಪರದೆಯ ಹಿಂದಿನ ಮಾತು

ಅಮೀನ್ ಸಾಹೇಬರು ಪೊಲೀಸಿನಲ್ಲಿ ಅಮೀನರಾಗಿ, ಅಂದರೆ ಫೌಜದಾರರಾಗಿ, ಇದ್ದು ಪಿಂಚಣಿ ಪಡೆದವರು. ಸಾವಕಾರರಿಗೆ ಹಳೆಯ ಗೆಳೆಯರು. ಸಂಜೆಯಾದರೆ ಇಬ್ಬರೂ ಅಂಗಡಿ ಕಟ್ಟೆಯ ಮೇಲೆ ಒಂದೇ ಡಬ್ಬಿಯಿಂದ ಎಲೆ ಹಾಕುವವರು. ಆದರೆ ಕೋಣೆಯ ಮಾತು ಬಂದ ಕೂಡಲೆ ಅಮೀನರು ಮತ್ತೆ ಅಮೀನರೇ ಆಗಿಬಿಡುತ್ತಿದ್ದರು.

"ದೋಸ್ತಿ ಬ್ಯಾರೆ, ಪರದಾ ಬ್ಯಾರೆ" ಎಂದರು. "ನಿಮ್ಮ ಕೋಣಿ ಎದ್ರ ನಮ್ಮ ಅಂಗಳಾ ಪೂರಾ ಕಾಣಸ್ತದ. ನಮ್ಮ ಮನಿ ಹೆಣ್ಮಕ್ಕಳು ಎಲ್ಲಿ ಹೋಗಬೇಕು?"

ಸಾವಕಾರರು ಬೇಡಿಕೊಂಡರು. ಕಿಟಕಿ ಬೇಡ, ಬರೀ ಬಾಗಿಲಿಡುತ್ತೇನೆ ಎಂದರು. ಅಮೀನರು ಜಗ್ಗಲಿಲ್ಲ. ನಾರಾಯಣಖೇಡದಿಂದಲೂ ಆಗಲೇ ಮಾತು ಬಂದಿತ್ತು, ಮಳೆಗಾಲಕ್ಕೆ ಮುಂಚೆ ಕೋಣೆ ಆಗದಿದ್ದರೆ ಈ ವರ್ಷ ಮಗಳನ್ನು ಕಳಿಸುವುದಿಲ್ಲ ಎಂದು. ಸಾವಕಾರರು ಎಲೆ ಹಾಕುವುದನ್ನೇ ಬಿಟ್ಟರು. ಕಚೇರಿಯಲ್ಲಿ ನಮಗೂ ಯಾಕೋ ನಗು ಬರುತ್ತಿರಲಿಲ್ಲ.

ಸಾಹೇಬರು ತಕರಾರಿನ ಕಾಗದವನ್ನು ಎರಡು ಸಲ ಓದಿಸಿ, "ಪರದಾ ಯಾರದು? ಬೇಗಂ ಸಾಹೇಬರದು. ಅವರನ್ನ ಕೇಳ್ಯಾರೇನು?" ಎಂದರು. ಯಾರೂ ಕೇಳಿರಲಿಲ್ಲ. ಹೀಗಾಗಿ ನಾವೆಲ್ಲ ಅಮೀನರ ಮನೆಗೆ ಹೋದೆವು. ಒಳಬಾಗಿಲಿಗೆ ಪರದೆ ಬಿಟ್ಟರು. ಅದರ ಹಿಂದೆ ಅಮೀನರ ಹೆಂಡತಿ ಬೇಗಂ ಸಾಹೇಬರು ಬಂದು ಕುಳಿತರು, ಬಳೆಯ ಸದ್ದಾಯಿತು. ಜಹೀರಾಬಾದಿನ ಮಗಳು ಅವರು, ಕನ್ನಡ ನಮ್ಮಂತೆಯೇ. ಈ ಕಡೆ ಸಾಹೇಬರು, ಅಮೀನರು, ಸಾವಕಾರರು, ಕಾಗದ ಹಿಡಿದ ನಾನು. ಬಾಗಿಲ ಹೊರಗೆ ಮಗ, ಒಳಗೆ ಬರುವ ಧೈರ್ಯವಿಲ್ಲದೆ ನಿಂತಿದ್ದ.

"ಬೇಗಂ ಸಾಹೇಬ್ರ, ಸಾವಕಾರರ ಮನಿಯಿಂದ ನಿಮ್ಮ ಪರದಾಕ್ಕ ಧಕ್ಕಿ ಆಗ್ತದಂತ ತಕರಾರದ. ಖರೇ ಏನ್ರಿ?"

"ಖರೇ ಅದ ರಿ" ಎಂದಿತು ಪರದೆ.

ಅಮೀನರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಸಾವಕಾರರು ಕಣ್ಣು ಮುಚ್ಚಿದರು.

"ಆಗ್ತದ ಅಲ್ರಿ, ಆಗ್ಯದ" ಎಂದು ಪರದೆ ಮುಂದುವರಿಸಿತು. "ಆ ಹುಡುಗ ದಿನಾ ಸಂಜಿಗೆ ಮಾಳಿಗಿ ಏರಿ ನಾರಾಯಣಖೇಡದ ದಿಕ್ಕಿಗೆ ಮುಖಾ ಮಾಡಿ ನಿಂದರ್ತಾನ. ನಮ್ಮ ಅಂಗಳಾ ಇರೋದು ಅದೇ ದಿಕ್ಕಿಗೆ. ಪಾಪ, ಅಂವ ನಮ್ಮನ್ನ ನೋಡಂಗಿಲ್ರಿ, ಬರೇ ಆಕಾಶಾ ನೋಡ್ತಾನ. ಆದ್ರ ನಾವು ಹೊರಗ ಬರೋದು ಹ್ಯಾಂಗ? ಆಕಿ ಹೋದಾಗಿಂದ ಸಂಜಿಗೆ ನಾವು ಅಂಗಳಕ್ಕ ಕಾಲಿಟ್ಟಿಲ್ಲ."

ಮೀಸೆಯ ಮೇಲಿದ್ದ ಅಮೀನರ ಕೈ ಅಲ್ಲಿಯೇ ನಿಂತಿತು. ಹೊರಗೆ ನಿಂತಿದ್ದ ಮಗ ಗೋಡೆಯ ಮರೆಗೆ ಸರಿದ.

ಸಾಹೇಬರು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದರು. "ಅಂದ್ರ ಕೋಣಿ ಕಟ್ಟಾಕ ನಿಮ್ದು ತಕರಾರಿಲ್ಲ?"

"ಅದ ರಿ. ಇನ್ನೂ ಯಾಕ ಕಟ್ಟಿಲ್ಲ ಅಂಬೋದೇ ನನ್ನ ತಕರಾರು. ಕಟ್ಟಿಸಿ ಆಕಿನ್ನ ಕರಸ್ರಿ. ಬಾಗಲಾ ಹಾಕ್ಕೊಂಡು ಒಳಗಿರ್ತಾನ, ನಮ್ಮ ಪರದಾ ಉಳೀತದ."

ಸಾಹೇಬರು ಅಲ್ಲಿಯೇ, ಅಮೀನರ ಮಂಚದ ಮೇಲೆಯೇ ಕಾಗದ ಬಿಡಿಸಿ ಮಂಜೂರಿ ಬರೆದರು. ರುಜು ಹಾಕುವ ಮೊದಲು ಅವರಿಗೆ ಇನ್ನೊಂದು ನೆನಪಾಯಿತು. ಕಾಯಿದೆ ಕಾಯಿದೆಯೇ ಅಲ್ಲವೆ.

"ಕಿಟಕಿ ಯಾವ ದಿಕ್ಕಿಗೆ ಇಡಬೇಕಂತ ಬರೀಲಿ? ನಿಮ್ಮ ಅಂಗಳದ ಕಡೆ ಬ್ಯಾಡ ಅಂತ ಬರೀಲೇನ್ರಿ?"

ಪರದೆಯ ಹಿಂದಿನಿಂದ ಕಿಸಕ್ಕನೆ ನಕ್ಕ ಸದ್ದು ಬಂತು.

"ಎಲ್ಲಿ ಬೇಕಾದ್ರೂ ಇಡಸ್ರಿ ಸಾಹೇಬ್ರ. ಹೊಸದಾಗಿ ಲಗ್ನ ಆದವ್ರು ಕಿಟಕ್ಯಾಗ ನಿಂತು ಮಂದಿ ಅಂಗಳಾ ನೋಡ್ತಾರೇನ್ರಿ?"