ಸ್ಪ್ರಿಂಗು, ಶಾಕಪ್ಪು ಮತ್ತು ನಮ್ಮ ಮನೆಯಾಕೆ

ವೇಗದ ಕಾರು ಕೊಂಡವನಿಗೆ ನಮ್ಮ ಹುಮನಾಬಾದಿನಲ್ಲಿ ವೇಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಎಪ್ಪತ್ತರ ದಶಕದಲ್ಲಿ ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ. ಯಾರ ಮೇಲೂ ದೂರಿಲ್ಲ. ಎಲ್ಲರ ಋಣವೂ ನನ್ನ ಮೇಲಿದೆ.

ಮೊದಲ ಸವಾರಿ

ರೇಸಿಗೆಂದು ಎಂಜಿನ್ ಹದಗೊಳಿಸಿದ್ದ ಹಳೆಯ ಕಾರೊಂದನ್ನು ಹೈದರಾಬಾದಿನಿಂದ ತಂದೆ. ತೊಗರಿ ಅಡತಿ ಅಂಗಡಿಯವನಿಗೆ ರೇಸಿನ ಕಾರು ಯಾಕೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಹೆಂಡತಿಯನ್ನು ಕೇಳಿದರು.

ಅವಳ ತವರು ಬಸವಕಲ್ಯಾಣ. ಕೂರಿಸಿಕೊಂಡು ಹೊರಟೆ. ಎಂಜಿನ್ ಕುದುರೆಯಂತಿತ್ತು, ಸ್ಪ್ರಿಂಗುಗಳು ಹತ್ತಿಯ ಗಾದಿಯಂತಿದ್ದವು. ಮೊದಲನೆಯ ಮೋರಿಯ ಮೇಲೆ ಕಾರು ಹಾರಿತು. ಅವಳ ನೆತ್ತಿ ಮೇಲಿನ ತಗಡಿಗೆ ಬಡಿಯಿತು. ಇಳಿದಳು. ಹಿಂದೆ ಬರುತ್ತಿದ್ದ ಬಸ್ಸಿಗೆ ಕೈ ಮಾಡಿ, "ನೀವು ಮುಂದ ನಡೀರಿ. ಇನ್ನ ಇದರಾಗ ಕೂತ್ರ ನಾ ನಮ್ಮವ್ವನ ಮಗಳೇ ಅಲ್ಲ" ಎಂದಳು.

ಅತ್ತೆ ಬಾಗಿಲಲ್ಲೇ ಇದ್ದರು. "ಮಗಳೆಲ್ಲ್ರಿ?"

"ಬಸ್ಸಿನ್ಯಾಗ ಬರಾಕತ್ತಾಳ್ರಿ."

"ಜಗಳ ಆಗ್ಯಾದೇನ್ರಿ?"

"ನಮ್ಮಿಬ್ಬರದಲ್ರಿ. ಆಕಿದು, ಕಾರಿಂದು."

"ಹಂಗಾದ್ರ ಕಾರಿಂದೇ ತಪ್ಪು" ಎಂದರು ಅತ್ತೆ, ವಿಚಾರಣೆಯನ್ನೇ ನಡೆಸದೆ.

ಅದಬ್

ಅವಳನ್ನು ಮತ್ತೆ ಕಾರಿಗೆ ಹತ್ತಿಸಲೇಬೇಕೆಂದು ಹೆದ್ದಾರಿ ಬದಿಯ ಮಿಸ್ತ್ರಿಯ ಬಳಿ ಹೋದೆ. ಅವನದು ಕಬ್ಬಿನ ಲಾರಿಗಳನ್ನು ರಿಪೇರಿ ಮಾಡಿ ಪಳಗಿದ ಕೈ.

"ಸ್ಪ್ರಿಂಗ್ ನರಮ್ ಅದಾವ ಸಾವಕಾರ್ರ. ಗಟ್ಟಿ ಹಾಕ್ತೀನಿ. ಹಳ್ಳಿಖೇಡದ ಕಬ್ಬು ಹೇರಿದ್ರೂ ಬಾಗಂಗಿಲ್ಲ."

"ಕಬ್ಬು ಹೇರಂಗಿಲ್ಲೋ ಮಾರಾಯ, ಹೆಂಡ್ತಿನ್ನ ಕೂಡಸಬೇಕು."

"ಅದಕ್ಕೂ ನಡೀತದ್ರಿ."

ಸ್ಪ್ರಿಂಗೇನೋ ಗಟ್ಟಿಯಾಯಿತು. ಅದರ ಪುಟಿತವನ್ನು ಹಿಡಿದು ನಿಲ್ಲಿಸಬೇಕಾದ ಶಾಕಪ್‌ಗಳು ಮಾತ್ರ ಹಳೆಯವೇ. ಒಂದು ಗುಂಡಿ ದಾಟಿದರೆ ಕಾರು ಫರ್ಲಾಂಗು ದೂರ ತಲೆಯಾಡಿಸುತ್ತಿತ್ತು. ತೊಗರಿ ನೋಡಲು ಮಂಠಾಳಕ್ಕೆ ಹೋದಾಗ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು ಕೈಮುಗಿದರು. ನಾನು ಸ್ಟೀರಿಂಗ್ ಬಿಡುವಂತಿರಲಿಲ್ಲ. ಒಬ್ಬ ಅಜ್ಜ ಪಕ್ಕದವನಿಗೆ ಹೇಳಿದ್ದು ಕೇಳಿಸಿತು: "ಗಾಡಿಗಿ ಎಷ್ಟು ಅದಬ್ ಅದ ನೋಡು, ಬಾಗಿ ಬಾಗಿ ನಮಸ್ಕಾರ ಮಾಡ್ತದ. ಮಾಲಕಗ ಒಂದೀಟೂ ಇಲ್ಲ."

ಮೊಸರಿನ ಗಡಿಗೆ

ಮಿಸ್ತ್ರಿ ಶಾಕಪ್‌ಗಳಿಗೆ ದಪ್ಪ ಎಣ್ಣೆ ತುಂಬಿ ಅವನ್ನೂ ಗಟ್ಟಿ ಮಾಡಿದ. ಈಗ ಕಾರು ಪುಟಿಯುತ್ತಿರಲಿಲ್ಲ, ಬಾಗುತ್ತಲೂ ಇರಲಿಲ್ಲ. ರಸ್ತೆಯ ಪ್ರತಿಯೊಂದು ಹರಳನ್ನೂ ಪ್ರಾಮಾಣಿಕವಾಗಿ ನನ್ನ ಬೆನ್ನೆಲುಬಿಗೆ ತಲುಪಿಸುತ್ತಿತ್ತು.

ಅದರಲ್ಲಿ ಒಬ್ಬನೇ ಬಸವಕಲ್ಯಾಣಕ್ಕೆ ಹೋದಾಗ ಅತ್ತೆ ಮಗಳಿಗೆಂದು ಒಂದು ಗಡಿಗೆ ಗಟ್ಟಿ ಮೊಸರು ಕೊಟ್ಟು ಕಳಿಸಿದರು. ಮನೆಗೆ ಬಂದು ಮುಚ್ಚಳ ತೆಗೆದರೆ ಮೇಲೆ ಬೆಣ್ಣೆ, ಕೆಳಗೆ ಮಜ್ಜಿಗೆ. ಹೆಂಡತಿ ಬೆಣ್ಣೆಯನ್ನು ಬೆರಳಲ್ಲಿ ತೆಗೆದು ರುಚಿ ನೋಡಿ, ಕಾರಿನ ಬಗ್ಗೆ ಮೊದಲ ಸಲ ಒಳ್ಳೆಯ ಮಾತಾಡಿದಳು: "ಇದನ್ನ ಮಾರಬ್ಯಾಡ್ರಿ. ಕಡಗೋಲು ಮಾರೂಣು."

ಹತ್ತಲು ಮಾತ್ರ ಒಪ್ಪಲಿಲ್ಲ.

ತೂಕ

ಮಿಸ್ತ್ರಿ ಕಾರನ್ನು ಓಡಿಸಿ ನೋಡಿ ಬಂದು ತೀರ್ಪು ಕೊಟ್ಟ: "ಸ್ಪ್ರಿಂಗ್ ಬರೋಬ್ಬರಿ, ಶಾಕಪ್ ಬರೋಬ್ಬರಿ. ನೀವೇ ಹಗುರ ಅದೀರಿ."

ಪರೀಕ್ಷೆಗೆಂದು ಗಂಜ್ ಮಾರುಕಟ್ಟೆಯ ಮೂವರು ವ್ಯಾಪಾರಿ ಗೆಳೆಯರನ್ನು ಹಿಂದಿನ ಸೀಟಿಗೆ ತುಂಬಿದೆ. ಮೂವರೂ ತೂಕದಲ್ಲಿ ತೊಗರಿ ಚೀಲಕ್ಕೆ ಕಡಿಮೆಯಿಲ್ಲದ ಆಸಾಮಿಗಳು. ಕಾರು ತೆಪ್ಪದಂತೆ ತೇಲಿತು.

ಅವರೇ ಮನೆಗೆ ಬಂದು ಒತ್ತಾಯಿಸಿದರು. "ಬರ್ರಿ ವೈನಿ, ನಾವಿರೂತನ ಗಾಡಿ ಹಾರೂ ತಾಕತ್ತೇ ಇಲ್ಲ." ಅವಳು ಮೂವರನ್ನೂ ಮೇಲಿಂದ ಕೆಳಗೆ ನೋಡಿದಳು, ಮಾತು ನಂಬುವಂತಿತ್ತು. ಹತ್ತಿದಳು. ದಾರಿಯ ರಾಜೇಶ್ವರ ಊರು ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಆ ಮೂವರ ಕಾಲಿಗೆ ಬೀಳಬೇಕೆನಿಸಿತು, ಆದರೆ ಕಾರು ಓಡಿಸುತ್ತಿದ್ದೆ.

ಮಗಳು ಕಾರಿನಿಂದ ಇಳಿದದ್ದು ಕಂಡು ಅತ್ತೆ ಹಿಗ್ಗಿಹೋದರು. ಹೋಳಿಗೆ ಮಾಡಿದರು, ತುಪ್ಪ ಸುರಿದರು. ಇದು ಗೆಳೆಯನ ಸಂಸಾರದ ಪ್ರಶ್ನೆ ಎಂಬಂತೆ ಮೂವರೂ ಶ್ರದ್ಧೆಯಿಂದ ಉಂಡರು.

ವಾಪಸ್ಸು ಬರುವಾಗ ಮೊದಲ ಗುಂಡಿಗೇ ಹಿಂಭಾಗ ಧಡ್ ಎಂದು ನೆಲಕ್ಕೆ ಕೂತಿತು. ನನ್ನ ಎದೆಯೂ ಕೂತಿತು. ಇನ್ನು ಇವಳು ಇಳಿದರೆ ಜನ್ಮದಲ್ಲಿ ಹತ್ತುವುದಿಲ್ಲ.

ಅವಳು ಹಿಂದೆ ತಿರುಗಿ ಮೂವರನ್ನೂ ನೋಡಿದಳು. ಒಬ್ಬರು ಮೀಸೆಯ ತುಪ್ಪ ಒರೆಸಿಕೊಳ್ಳುತ್ತಿದ್ದರು. ಆಮೇಲೆ ನನಗೆ ಮೆಲ್ಲಗೆ ಹೇಳಿದಳು:

"ಗಾಡಿ ಮಿಸ್ತ್ರಿ ಕಡಿ ಒಯ್ಯಬ್ಯಾಡ್ರಿ, ಅದು ಸರಿ ಅದ. ಮುಂದಿನ ಸಲ ತಲಿಗೊಂದು ಹೋಳಿಗಿ ಕಮ್ಮಿ ಬಡಸಾಕ ನಮ್ಮವ್ವಗ ಹೇಳ್ತೀನಿ."